ಸಂಧಿವಾತ: ಹೊಸ ಔಷಧಿಗಳು ಮತ್ತು ನಮ್ಮ ಹೊಣೆ

ಬೆಳಗಿನ ಜಾವ ರೊಟ್ಟಿ ಬಡಿಯಲು ಕುಳಿತ ತಾಯಿಯ ಬೆರಳುಗಳು ಮಡಚಲು ಒಲ್ಲವು. ಒಂದು ತಾಸು ಕಳೆದ ಮೇಲೆಯೇ ಅವು ಸಡಿಲಗೊಳ್ಳುತ್ತವೆ. 'ವಾಯುವಿನ ನೋವು, ವಯಸ್ಸಾಯಿತಲ್ಲ' ಎಂದು ಮನೆಯವರು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಆಕೆಗೆ ನಲವತ್ತು ಕೂಡ ತುಂಬಿರುವುದಿಲ್ಲ.

ಇಂಥ ನೋವೆಲ್ಲವೂ ಮುಪ್ಪಿನ ಸವೆತವಲ್ಲ. ರುಮಟಾಯ್ಡ್ ಸಂಧಿವಾತವೆಂಬ ರೋಗದಲ್ಲಿ ದೇಹವನ್ನು ಕಾಯಬೇಕಾದ ನಿರೋಧಕ ಶಕ್ತಿಯೇ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಉರಿಯೂತದಿಂದ ದಪ್ಪಗಾದ ಆ ಪೊರೆ ಮೃದ್ವಸ್ಥಿಯನ್ನೂ ಎಲುಬನ್ನೂ ಕೊರೆಯುತ್ತ ಹೋಗುತ್ತದೆ. ಪುರುಷರಿಗಿಂತ ಸ್ತ್ರೀಯರನ್ನೇ ಇದು ಹೆಚ್ಚಾಗಿ ಕಾಡುತ್ತದೆ. ಒಮ್ಮೆ ಹಾಳಾದ ಕೀಲನ್ನು ಯಾವ ಔಷಧಿಯೂ ಮೊದಲಿನಂತೆ ಮಾಡಲಾರದು. ಆದುದರಿಂದ ಇಲ್ಲಿ ಔಷಧಿಯಷ್ಟೇ ಕಾಲವೂ ಮುಖ್ಯ.

ಈ ರೋಗದ ಚಿಕಿತ್ಸೆಯ ಇತಿಹಾಸ ಬೋಧಪ್ರದವಾಗಿದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಕಾರ್ಟಿಸೋನ್ ಕೊಟ್ಟಾಗ, ಹಾಸಿಗೆ ಹಿಡಿದಿದ್ದ ರೋಗಿ ಕೆಲವೇ ದಿನಗಳಲ್ಲಿ ಎದ್ದು ನಡೆದಾಡಿದಳು. 1950ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ಬಂದಿತು. ಆದರೆ ದೀರ್ಘಕಾಲ ಸೇವಿಸಿದವರ ಎಲುಬು ಟೊಳ್ಳಾಯಿತು, ಮುಖ ಊದಿತು, ಸಕ್ಕರೆ ಏರಿತು. ಶೀಘ್ರ ಉಪಶಮನವೇ ಚಿಕಿತ್ಸೆಯಲ್ಲವೆಂಬ ಪಾಠ ಅಂದೇ ದೊರೆಯಿತು.

ಮುಂದೆ ಕ್ಯಾನ್ಸರಿನ ಔಷಧಿಯಾದ ಮೆಥೋಟ್ರೆಕ್ಸೇಟ್ ಅನ್ನು ಅಲ್ಪ ಪ್ರಮಾಣದಲ್ಲಿ, ವಾರಕ್ಕೊಮ್ಮೆ ಕೊಡುವ ಕ್ರಮ ಬಂದಿತು. 1988ರಲ್ಲಿ ಅಮೆರಿಕ ಅದಕ್ಕೆ ಸಂಧಿವಾತದಲ್ಲಿ ಮನ್ನಣೆ ನೀಡಿತು. ಇಂದಿಗೂ ಚಿಕಿತ್ಸೆಯ ಅಡಿಗಲ್ಲು ಅದೇ. 1992ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲುಧಿಯಾನದಲ್ಲಿ ಜನಿಸಿದ ರವೀಂದರ್ ಮೈನಿ ಅವರು, ಉರಿಯೂತವನ್ನು ಪ್ರಚೋದಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಪ್ರತಿಕಾಯವನ್ನು ರೋಗಿಗಳ ಮೇಲೆ ಪ್ರಯೋಗಿಸಿ ಯಶಸ್ಸು ಕಂಡರು. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮ್ಯಾಬ್ ಮೊದಲಾದ ಚುಚ್ಚುಮದ್ದುಗಳು ಬಳಕೆಗೆ ಬಂದವು. 2012ರಲ್ಲಿ ಟೊಫಾಸಿಟಿನಿಬ್ ಎಂಬ ಮಾತ್ರೆಯೂ ಸೇರಿತು. ಇದು ಮಾನವಬುದ್ಧಿಯ ದೊಡ್ಡ ಗೆಲುವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಹೊಸದೆಲ್ಲವೂ ಎಲ್ಲರಿಗೂ ಹಿತವೆಂದು ನಂಬುವುದು ತಪ್ಪು. ಮೈಯಲ್ಲಿ ಅಡಗಿ ಕುಳಿತ ಕ್ಷಯದ ಕ್ರಿಮಿಗಳನ್ನು ಕಟ್ಟಿಹಾಕುವುದರಲ್ಲಿ ಟಿಎನ್‌ಎಫ್‌ನ ಪಾತ್ರವಿದೆ. ಅದನ್ನು ತಡೆದರೆ ಕ್ಷಯ ಮರಳಿ ತಲೆಯೆತ್ತಬಹುದು. ಕ್ಷಯ ಬಹಳವಾಗಿರುವ ನಮ್ಮ ದೇಶದಲ್ಲಿ ಮುಂಚಿತ ಪರೀಕ್ಷೆಯಿಲ್ಲದೆ ಈ ಮದ್ದು ಕೊಡುವುದು ಸಲ್ಲದು. ಟೊಫಾಸಿಟಿನಿಬ್‌ನಿಂದ ಕೆಲವರಲ್ಲಿ ಹೃದ್ರೋಗ, ರಕ್ತ ಹೆಪ್ಪುಗಟ್ಟುವಿಕೆ ಹಾಗೂ ಕ್ಯಾನ್ಸರಿನ ಅಪಾಯವಿದೆಯೆಂದು 2021ರಲ್ಲಿ ಅಮೆರಿಕ ಎಚ್ಚರಿಸಿತು. ಇನ್ನು ಬೆಲೆಯ ಮಾತು. 2014ರಲ್ಲಿ ಅಡಾಲಿಮ್ಯಾಬ್‌ನ ದೇಶೀಯ ಪ್ರತಿರೂಪ ಬಂದು ದರ ಇಳಿದರೂ, ಕೂಲಿಯ ಕುಟುಂಬಕ್ಕೆ ಅದಿನ್ನೂ ದೂರವೇ.

ನನ್ನ ಅಭಿಪ್ರಾಯದಲ್ಲಿ, ದುಬಾರಿ ಮದ್ದು ದೊರೆಯದಿರುವುದಕ್ಕಿಂತ ಅಗ್ಗದ ಮದ್ದು ಸಕಾಲಕ್ಕೆ ದೊರೆಯದಿರುವುದೇ ನಮ್ಮ ದೊಡ್ಡ ದುರಂತ. 'ಇಂಗ್ಲಿಷ್ ಔಷಧಿ ಉಷ್ಣ' ಎಂದು ನಡುವೆಯೇ ಮಾತ್ರೆ ಬಿಡುವವರುಂಟು. ಹೆಸರಿಲ್ಲದ ಪುಡಿ ನುಂಗಿ, ಅದರಲ್ಲಿ ಬೆರೆಸಿದ ಸ್ಟೀರಾಯ್ಡಿನ ಸುಖಕ್ಕೆ ಮರುಳಾಗುವವರುಂಟು. ವಾರಕ್ಕೊಮ್ಮೆ ಕೊಳ್ಳಬೇಕಾದ ಮೆಥೋಟ್ರೆಕ್ಸೇಟ್ ಅನ್ನು ತಿಳಿಯದೆ ದಿನವೂ ನುಂಗಿದರೆ ಅದು ಪ್ರಾಣಕ್ಕೇ ಎರವಾಗುತ್ತದೆ. ಗರ್ಭಿಣಿಯರಿಗೆ ಅದು ನಿಷಿದ್ಧ. ಸೇವಿಸುವವರು ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಇಷ್ಟನ್ನು ತಿಳಿಸಿ ಹೇಳಲು ತಾಳ್ಮೆಯುಳ್ಳ ವೈದ್ಯ ಬೇಕೇ ಹೊರತು ಲಕ್ಷ ರೂಪಾಯಿ ಬೇಕಿಲ್ಲ.

ಆದ್ದರಿಂದ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಈ ರೋಗವನ್ನು ಗುರುತಿಸುವ ಏರ್ಪಾಡು ಇರಬೇಕು. ಮಾತ್ರೆ ಕೊಳ್ಳುವ ವಾರದ ಹೆಸರನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಡಬೇಕು. ಹೊಸ ಚುಚ್ಚುಮದ್ದು, ಹಳೆಯ ಮದ್ದಿಗೆ ಮಣಿಯದ ರೋಗಿಗೆ ಸರಕಾರದ ನೆರವಿನಿಂದ ದೊರೆಯಬೇಕು.

ವಿದ್ಯಾರ್ಥಿಮಿತ್ರರಲ್ಲಿ ನನ್ನದೊಂದು ವಿನಂತಿ. ಇಂದು ಮನೆಗೆ ಹೋದಾಗ ತಾಯಿಯ ಕೈಗಳನ್ನೊಮ್ಮೆ ನೋಡಿರಿ. ಬೆರಳಿನ ಗಂಟುಗಳು ಊದಿದ್ದರೆ, ಬೆಳಗಿನ ಬಿಗಿತ ವಾರಗಟ್ಟಲೆ ಹೋಗದಿದ್ದರೆ, ಆಕೆ ಬೇಡವೆಂದರೂ ಕೇಳದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ನೀವು ಕಲಿತ ವಿಜ್ಞಾನ ಮೊದಲು ಸಲ್ಲಬೇಕಾದುದು, ನಿಮಗೆ ಬುತ್ತಿ ಕಟ್ಟಿದ ಆ ಕೈಗಳಿಗೆ.