ಜವಾಬ್ದಾರಿ ಯಾರದು, ಲೆಕ್ಕ ಯಾರಿಗೆ?

ಈ ಜಿಲ್ಲೆಯಲ್ಲಿ ದಲಿತನಿಗೆ ಪುಕ್ಕಟೆ ಸಿಗುವುದು ಒಂದೇ ಒಂದು. ಅದು ಉಪದೇಶ. ಭೂಮಿ ಕೇಳಿದರೆ ಅರ್ಜಿ ಕೊಡು ಅನ್ನುತ್ತಾರೆ. ಕೂಲಿ ಕೇಳಿದರೆ ನಾಳೆ ಬಾ ಅನ್ನುತ್ತಾರೆ. ನೀರು ಕೇಳಿದರೆ ಪಂಚಾಯತಿಗೆ ಹೋಗು ಅನ್ನುತ್ತಾರೆ. ಉಪದೇಶ ಮಾತ್ರ ಕೇಳದೆಯೇ ಬರುತ್ತದೆ. "ಮೊದಲು ನಿಮ್ಮವರು ಕುಡಿಯುವುದು ಬಿಡಲಿ ಮಾರಾಯ್ರೆ. ಮಕ್ಕಳನ್ನು ಶಾಲೆಗೆ ಕಳಿಸಲಿ. ಸರಕಾರ ಎಷ್ಟು ಕೊಟ್ಟರೂ ಎಂತ ಪ್ರಯೋಜನ? ನಿಮ್ಮವರಿಗೆ ಜವಾಬ್ದಾರಿ ಅಂತ ಒಂದು ಇಲ್ಲ." ಹೋಟೆಲಿನ ಬೆಂಚಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ಬಸ್ಸಿನ ಪಕ್ಕದ ಸೀಟಿನಲ್ಲಿ ಇದೇ ಮಾತು. ಈಗೀಗ ನಾಲ್ಕಕ್ಷರ ಕಲಿತು ಸಂಬಳ ಕಂಡ ನಮ್ಮವರ ಬಾಯಲ್ಲೂ ಇದೇ ಮಾತು.

ಗೆಳೆಯರೇ, ಈ ಮಾತಿಗೆ ಎರಡು ಉತ್ತರ ಕೊಡಬೇಕಾಗಿದೆ. ಒಂದು, ಉಪದೇಶ ಮಾಡುವವರಿಗೆ. ಇನ್ನೊಂದು, ನಮಗೆ ನಾವೇ. ಮೊದಲನೆಯದನ್ನು ಕೊಟ್ಟು ಚಪ್ಪಾಳೆ ಗಿಟ್ಟಿಸಿ ಮನೆಗೆ ಹೋಗುವುದು ಸುಲಭ. ಎರಡನೆಯದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡನ್ನೂ ಹೇಳೋಣ.

ಉಡುಪಿಯವರು ಬನ್ನಂಜೆಯ ನಾರಾಯಣ ಗುರು ಮಂದಿರದ ಕಡೆ ಬೆರಳು ತೋರಿಸುತ್ತಾರೆ. "ಬಿಲ್ಲವರನ್ನು ನೋಡಿ. ಗುರುಗಳು ಕಳ್ಳು ಬಿಡಿ ಅಂದರು, ಓದಿ ಅಂದರು. ಕೇಳಿದರು, ಮೇಲೆ ಬಂದರು. ನಿಮಗೇನು ಧಾಡಿ?" ಬಿಲ್ಲವರ ಹೋರಾಟಕ್ಕೆ ನಮ್ಮ ಗೌರವ ಉಂಟು. ದೇವಸ್ಥಾನದ ಹೊರಗೆ ನಿಲ್ಲಿಸಲ್ಪಟ್ಟ ಆ ಜನ ಬಾಗಿಲು ತೆರೆಯಿರಿ ಎಂದು ಬೇಡುತ್ತ ಕೂರಲಿಲ್ಲ. ತಮ್ಮದೇ ದೇವಸ್ಥಾನ ಕಟ್ಟಿದರು. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ನಾರಾಯಣ ಗುರು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ್ದು ಈ ಕರಾವಳಿಯ ದೊಡ್ಡ ಬಂಡಾಯಗಳಲ್ಲಿ ಒಂದು. ಆದರೆ ಅದನ್ನು ಒಬ್ಬೊಬ್ಬ ಬಿಲ್ಲವ ಮನೆಯಲ್ಲಿ ಒಂಟಿಯಾಗಿ ಕೂತು ಸುಧಾರಿಸಿಕೊಂಡ ಕಥೆ ಮಾಡಬೇಡಿ. ಅಲ್ಲಿ ಸಂಘ ಇತ್ತು, ಗುರು ಇದ್ದ, ಮಂದಿರ ಇತ್ತು. ಕಳ್ಳು ಬಿಟ್ಟವನು ಒಂಟಿಯಾಗಲಿಲ್ಲ, ಒಂದು ಸಮುದಾಯ ಅವನ ಬೆನ್ನಿಗೆ ನಿಂತಿತ್ತು.

ಇನ್ನೊಂದು ಸಂಗತಿಯನ್ನು ಉಪದೇಶಕರು ಜಾಣತನದಿಂದ ಮರೆಯುತ್ತಾರೆ. ಅದು ಭೂಮಿ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣಾ ಕಾನೂನಿಗೆ ತಿದ್ದುಪಡಿ ಬಂತು. ಉಳುವವನೇ ಹೊಲದೊಡೆಯ ಎಂದಿತು. ಡಿಕ್ಲರೇಷನ್ ಕೊಟ್ಟ ಚಾಲಗೇಣಿ ಒಕ್ಕಲುಗಳಿಗೆ ಗದ್ದೆ ಸಿಕ್ಕಿತು. ಗೇಣಿಗೆ ಗದ್ದೆ ಮಾಡುತ್ತಿದ್ದ ಬಿಲ್ಲವರೂ ಬಂಟರೂ ಭೂಮಾಲಿಕರಾದರು. ಒಳ್ಳೆಯದೇ ಆಯಿತು. ಆದರೆ ಆ ಗದ್ದೆಯಲ್ಲಿ ತಲೆತಲಾಂತರದಿಂದ ನೇಜಿ ನೆಟ್ಟ ಮೂಲದಾಳಿನ ಕೈಯಲ್ಲಿ ಯಾವ ಗೇಣಿ ಚೀಟಿ ಇತ್ತು? ಅವನು ಒಕ್ಕಲಲ್ಲ, ಆಳು. ಕಾನೂನು ಉಳುವವನು ಎಂದಾಗ ಅದರ ಅರ್ಥ ಗೇಣಿ ಕೊಡುವವನು ಎಂದಾಗಿತ್ತು. ನಮ್ಮವರಲ್ಲಿ ಹೆಚ್ಚಿನವರಿಗೆ ದಕ್ಕಿದ್ದು ಗುಡಿಸಲು ನಿಂತ ನಾಲ್ಕಾರು ಸೆಂಟ್ಸ್. ಬ್ರಿಟಿಷರ ಕಾಲದಲ್ಲೇ ದಲಿತರಿಗೆಂದು ತೆಗೆದಿಟ್ಟ ಡಿ.ಸಿ. ಮನ್ನಾ ಭೂಮಿ ಇಂದಿಗೂ ಹೋರಾಟಗಾರರ ಮನವಿಪತ್ರದಲ್ಲೇ ಉಳಿದಿದೆ. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೊರಟ 'ಚಲೋ ಉಡುಪಿ' ಜಾಥಾ ಭೂಮಿ ನಮ್ಮ ಹಕ್ಕು ಎಂದು ಕೂಗಿದ್ದು ಸುಮ್ಮನೆ ಅಲ್ಲ. ಒಬ್ಬನ ಕಾಲಿನ ಕೆಳಗೆ ನೆಲ ಉಂಟು, ಇನ್ನೊಬ್ಬನಿಗೆ ಇಲ್ಲ. ಇಬ್ಬರನ್ನೂ ಒಟ್ಟಿಗೆ ಓಡಿಸಿ, ಸೋತವನಿಗೆ ಜವಾಬ್ದಾರಿ ಸಾಲದು ಎನ್ನುವುದು ಯಾವ ನ್ಯಾಯ?

ಇನ್ನು ಕುಡಿತ. ಕಾರಂತರ 'ಚೋಮನ ದುಡಿ' ಓದಿ ಕಣ್ಣೊರೆಸಿಕೊಂಡ ಸಜ್ಜನರಿಗೆ ಚೋಮ ಕುಡಿಯುತ್ತಿದ್ದ ಎಂಬುದು ಚೆನ್ನಾಗಿ ನೆನಪಿದೆ. ಚೋಮ ಬೇಸಾಯಕ್ಕೆ ಒಂದು ತುಂಡು ಗದ್ದೆ ಕೇಳಿದ್ದ ಎಂಬುದು ಮರೆತುಹೋಗಿದೆ. ರಾಜ್ಯದಲ್ಲಿ ಸಾರಾಯಿ 2007ರ ಜುಲೈಯಲ್ಲಿ ನಿಂತಿತು. ಅಗ್ಗದ ವಿಸ್ಕಿ ಅದರ ಜಾಗಕ್ಕೆ ಬಂತು. ಕೂಲಿಯವನ ಕಿಸೆಯಿಂದ ಅಬಕಾರಿ ಖಜಾನೆ ತುಂಬುವವರೂ ಇವರೇ, ಕುಡಿಯಬೇಡ ಎಂದು ಗೋಡೆಯ ಮೇಲೆ ಬರೆಸುವವರೂ ಇವರೇ.

ಅಜಲಿನ ಸಂಗತಿ ನೋಡಿ. ಕೊರಗರನ್ನು ಕಂಬಳದ ಗದ್ದೆಯಲ್ಲಿ ಕೋಣಗಳ ಮುಂದೆ ಓಡಿಸಿದರು. ಕೋಲಕ್ಕೆ, ಜಾತ್ರೆಗೆ ಡೋಲು ಹೊರಿಸಿದರು. ತಮ್ಮ ಮನೆಯ ರೋಗ ಕಳೆಯಲೆಂದು ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿದರು. ಇದು ಪುರಾಣದ ಕಾಲದ ಕಥೆ ಅಲ್ಲ. ಕರ್ನಾಟಕ ಸರಕಾರ 2000ನೇ ಇಸವಿಯಲ್ಲಿ ಕಾನೂನು ಮಾಡಿಯೇ ಇದನ್ನು ನಿಷೇಧಿಸಬೇಕಾಯಿತು. ಎಂಜಲು ತಿನ್ನಿಸಿದವರ ಮೊಮ್ಮಕ್ಕಳು ಇಂದು ಎಂಜಲು ತಿಂದವರ ಮೊಮ್ಮಕ್ಕಳಿಗೆ ಸ್ವಾಭಿಮಾನ ಬೇಕು ಎಂದು ಪಾಠ ಹೇಳುತ್ತಾರೆ.

ಸ್ವಾಭಿಮಾನ ತೋರಿಸಿದರೆ ಏನಾಗುತ್ತದೆ? 2021ರ ಡಿಸೆಂಬರಿನಲ್ಲಿ ಕೋಟತಟ್ಟಿನ ಕೊರಗ ಕಾಲೊನಿಯ ಒಂದು ಮನೆಯಲ್ಲಿ ಮದುವೆಯ ಮೆಹೆಂದಿ. ಯಾರ ಅಂಗಳವೂ ಅಲ್ಲ, ಅವರದೇ ಅಂಗಳ. ಯಾರ ಹಣವೂ ಅಲ್ಲ, ಅವರದೇ ದುಡಿಮೆ. ಪಾಟಿನ ಸದ್ದು ಜೋರಾಯಿತೆಂದು ಪೊಲೀಸರು ಬಂದು ಲಾಠಿ ಬೀಸಿದರು. ಮದುಮಗನಿಗೂ ಪೆಟ್ಟು ಬಿತ್ತು. ಸಬ್ ಇನ್‌ಸ್ಪೆಕ್ಟರ್ ಅಮಾನತಾದದ್ದು ಹೌದು. ಪೆಟ್ಟು ತಿಂದವರ ಮೇಲೆಯೂ ಕೇಸು ಬಿದ್ದದ್ದು ಹೌದು. ಕೊರಗ ಧಣಿಯ ಮನೆಯ ಕೋಲಕ್ಕೆ ಬೆಳಗಿನವರೆಗೆ ಡೋಲು ಬಾರಿಸಿದರೆ ಅದು ಸಂಸ್ಕೃತಿ. ತನ್ನ ಮನೆಯ ಮದುವೆಗೆ ಪಾಟು ಹಾಕಿದರೆ ಅದು ಗಲಾಟೆ!

ಉಪದೇಶಕರಿಗೆ ಇಷ್ಟು ಸಾಕು. ಈಗ ನಮ್ಮ ಕಡೆಗೆ ತಿರುಗೋಣ.

ಮೇಲಿನದ್ದೆಲ್ಲ ನಿಜವಾದ ಮಾತ್ರಕ್ಕೆ ನಮ್ಮ ಕೈ ತೊಳೆದುಹೋಯಿತೇ? ವಾರದ ಕೂಲಿಯನ್ನು ಶನಿವಾರ ಸಂಜೆಗೇ ಗಡಂಗಿಗೆ ಸುರಿದು, ಮನೆಗೆ ಬಂದು ಹೆಂಡತಿಗೆ ಹೊಡೆಯುವವನ ಕೈ ಹಿಡಿದದ್ದು ಯಾವ ಧಣಿ? ಬೀಡಿ ಕಟ್ಟಿ ಅಕ್ಕಿ ತಂದ ಆ ತಾಯಿಗೆ "ಇದು ವ್ಯವಸ್ಥೆಯ ಹುನ್ನಾರ ತಾಯಿ" ಎಂದು ಭಾಷಣ ಬಿಗಿಯಲು ನಮಗೆ ನಾಚಿಕೆ ಆಗಬೇಕು. ವ್ಯವಸ್ಥೆ ಹೌದು. ಬೆನ್ನಿನ ಮೇಲೆ ಬಿದ್ದ ಕೈ ಮಾತ್ರ ನಮ್ಮದೇ.

ಕೊರಗರನ್ನು ಮೇಲುಜಾತಿಯವರು ದೂರ ಇಟ್ಟರು ಎನ್ನುತ್ತೇವೆ. ಮುಂಡಾಲ, ಮೇರ, ಬೈರ ಎಂದು ಹೆಸರಿಟ್ಟುಕೊಂಡ ನಾವು ಅವರ ಕೊಪ್ಪಕ್ಕೆ ಹೋಗಿ ಗಂಜಿ ಉಂಡಿದ್ದೇವಾ? ಹೆಣ್ಣು ಕೊಟ್ಟಿದ್ದೇವಾ? 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಕೊರಗರ ಸಂಖ್ಯೆ 15,000 ದಾಟಲಿಲ್ಲ. ಓಟಿನ ಲೆಕ್ಕದಲ್ಲಿ ಅವರು ಯಾರಿಗೂ ಬೇಡ. ನಮ್ಮ ಲೆಕ್ಕದಲ್ಲೂ ಬೇಡವೇ? ಮನು ಕಟ್ಟಿದ ಏಣಿಯ ಕೆಳಗಿನ ಮೆಟ್ಟಿಲಿನಲ್ಲಿ ನಿಂತು, ಇನ್ನೂ ಕೆಳಗಿನವನ ತಲೆಯ ಮೇಲೆ ಕಾಲಿಡುವವನು ಏಣಿಯನ್ನು ಹೇಗೆ ಮುರಿಯುತ್ತಾನೆ?

ಇನ್ನು ನಮ್ಮ ಓದಿದವರು. ಮೀಸಲಾತಿಯ ಸೀಟಿನಲ್ಲಿ ಕಲಿತು, ಮೀಸಲಾತಿಯ ಕುರ್ಚಿಯಲ್ಲಿ ಕೂತು, ಮಣಿಪಾಲದಲ್ಲಿ ಬಾಡಿಗೆ ಮನೆ ಹಿಡಿಯುವಾಗ ಜಾತಿ ಮುಚ್ಚಿಡುವವರು. ಜಾತಿ ಹೇಳಿದರೆ ಮನೆ ಸಿಗುವುದಿಲ್ಲ ಎಂಬುದು ನಮಗೂ ಗೊತ್ತು, ಆ ಭಯವನ್ನು ಹೀಯಾಳಿಸುವುದಿಲ್ಲ. ಆದರೆ ಜಾತಿಯ ಜೊತೆಗೆ ಕೇರಿಯನ್ನೂ ತಮ್ಮಂದಿರನ್ನೂ ಮುಚ್ಚಿಟ್ಟರೆ? ಏಪ್ರಿಲ್ 14ಕ್ಕೆ ಹಾರ ಹಾಕಿ ಫೋಟೋ ತೆಗೆಸಿಕೊಂಡು ಉಳಿದ ಮುನ್ನೂರು ಚಿಲ್ಲರೆ ದಿನ ಕೇರಿಯ ದಾರಿ ಮರೆತರೆ? ಬಾಬಾಸಾಹೇಬರು 1956ರ ಮಾರ್ಚಿನಲ್ಲಿ, ಸಾಯುವ ಕೆಲವೇ ತಿಂಗಳ ಮೊದಲು, ಆಗ್ರಾದ ಸಭೆಯಲ್ಲಿ ನೊಂದು ಮಾತಾಡಿದ್ದು ಶತ್ರುಗಳ ಬಗ್ಗೆ ಅಲ್ಲ. ಸಮಾಜದ ಬೆನ್ನಿನ ಮೇಲೆ ಹತ್ತಿ ಮೇಲೆ ಹೋಗಿ, ಸಮಾಜಕ್ಕೆ ಬೆನ್ನು ತೋರಿಸಿದ ನಮ್ಮ ಓದಿದವರ ಬಗ್ಗೆ. ಇದಕ್ಕೆ ಎದುರಾಗಿ ಬಸವಲಿಂಗಪ್ಪನವರನ್ನು ನೆನೆಯಿರಿ. ಅರಸು ಸಂಪುಟದಲ್ಲಿ ಕುರ್ಚಿ ಸಿಕ್ಕಿದಾಗ ಅವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಹೊರಟರು. 1973ರಲ್ಲಿ 'ಬೂಸಾ' ಎಂಬ ಒಂದು ಮಾತಿಗೆ ಕುರ್ಚಿ ಹೋಯಿತು. ಹೋದರೆ ಹೋಗಲಿ, ಅವರ ಲೆಕ್ಕ ಚುಕ್ತಾ ಆಗಿದೆ.

ಹಾಗಾದರೆ ಉಪದೇಶಕರು ಹೇಳುವುದನ್ನೇ ನಾವೂ ಹೇಳುತ್ತಿದ್ದೇವಾ? ಇಲ್ಲ. ಈ ವ್ಯತ್ಯಾಸ ಗೊತ್ತಾಗದಿದ್ದರೆ ಇಷ್ಟು ಬರೆದದ್ದೂ ವ್ಯರ್ಥ. 1927ರಲ್ಲಿ ಮಹಾಡಿನ ಕೆರೆಯ ನೀರು ಮುಟ್ಟಲು ಹೊರಟ ಅಂಬೇಡ್ಕರ್, ಅದೇ ಊರಿನಲ್ಲಿ ತಮ್ಮ ಜನಕ್ಕೆ ಸತ್ತ ದನದ ಮಾಂಸ ಬಿಡಿ ಎಂದರು, ಹೆಂಗಸರಿಗೆ ಕೀಳೆಂದು ಗುರುತು ಹಚ್ಚುವ ಉಡುಗೆ ಬಿಡಿ ಎಂದರು. 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನಿನ ವಿರುದ್ಧ ಮಸೂದೆ ತಂದರು. ಊರಿನ ಬಿಟ್ಟಿ ಚಾಕರಿಗೆ ಸಿಗುತ್ತಿದ್ದ ತುಂಡು ಭೂಮಿ, ಕಾಳು ಕಡ್ಡಿಯೇ ತಮ್ಮ ಜನರನ್ನು ಕಟ್ಟಿಹಾಕಿದ ಹಗ್ಗ ಎಂದು ಅವರಿಗೆ ಗೊತ್ತಿತ್ತು. ಆದರೆ ಗಮನಿಸಿ. ಮೊದಲು ಸುಧಾರಿಸಿ, ಆಮೇಲೆ ಕೆರೆಗೆ ಬನ್ನಿ ಎಂದು ಅವರು ಹೇಳಲಿಲ್ಲ. ಒಂದೇ ಊರಿನಲ್ಲಿ ಎರಡೂ ನಡೆದವು. ಉಪದೇಶಕನಿಗೆ ನಮ್ಮ ಸುಧಾರಣೆ ಹಕ್ಕು ಕೊಡುವ ಮೊದಲು ಹಾಕುವ ಷರತ್ತು. ನಮಗೆ ಅದು ಹಕ್ಕಿನ ಯುದ್ಧಕ್ಕೆ ಆಯುಧ.

ಅಮೆರಿಕದ ಕಪ್ಪು ಜನರೊಳಗೂ ಇದೇ ಜಗಳ ಆಯಿತು. ಆ ಜನ ನಮಗೆ ದೂರದವರಲ್ಲ. 1972ರಲ್ಲಿ ಮುಂಬಯಿಯ ದಲಿತ ಹುಡುಗರು ಅವರ ಪ್ಯಾಂಥರ್ ಹೆಸರನ್ನೇ ತಮ್ಮ ಸಂಘಟನೆಗೆ ಇಟ್ಟುಕೊಂಡಿದ್ದರು. ಅಲ್ಲಿ 1895ರಲ್ಲಿ ಅಟ್ಲಾಂಟಾ ಪಟ್ಟಣದಲ್ಲಿ ಬುಕರ್ ಟಿ. ವಾಷಿಂಗ್ಟನ್ ತನ್ನ ಜನಕ್ಕೆ ಕಸುಬು ಕಲಿಯಿರಿ, ದುಡಿಯಿರಿ, ಸಮಾನತೆಯ ಜಗಳ ಸದ್ಯ ಬೇಡ ಎಂದ. ಬಿಳಿಯರು ಚಪ್ಪಾಳೆ ತಟ್ಟಿದರು. ಆ ವರ್ಷಗಳಲ್ಲೇ ದಕ್ಷಿಣದ ರಾಜ್ಯಗಳು ಕಪ್ಪು ಜನರ ಓಟು ಕಿತ್ತುಕೊಳ್ಳುತ್ತಿದ್ದವು. 1903ರಲ್ಲಿ ಡು ಬೋಯಿಸ್ ಎದ್ದು ನಿಂತು, ಹಕ್ಕು ಬಿಟ್ಟುಕೊಟ್ಟು ದುಡಿದರೆ ದುಡಿದದ್ದೂ ಉಳಿಯುವುದಿಲ್ಲ ಎಂದು ವಾದಿಸಿದರು.

ಈ ಜಗಳಕ್ಕೆ ಜನರೇ ಉತ್ತರ ಕೊಟ್ಟರು. 1955ರ ಡಿಸೆಂಬರಿನಲ್ಲಿ ಮಾಂಟ್‌ಗೊಮೆರಿ ಎಂಬ ಪಟ್ಟಣದಲ್ಲಿ, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್ ಬಂಧನವಾದಾಗ, ಕಪ್ಪು ಜನ ಬಸ್ಸು ಹತ್ತುವುದನ್ನೇ ಬಿಟ್ಟರು. 381 ದಿನ! ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಇದಕ್ಕಿಂತ ದೊಡ್ಡ ವೈಯಕ್ತಿಕ ಜವಾಬ್ದಾರಿ ಯಾವುದು? ಆದರೆ ಕಾಲು ಸೋತವರಿಗೆ ಕಾರುಗಳ ಏರ್ಪಾಡು ಇತ್ತು. ಕಾರಿದ್ದವರು ಕಾರು ಕೊಟ್ಟರು, ಇಗರ್ಜಿಗಳಲ್ಲಿ ರಾತ್ರಿ ಸಭೆ ಸೇರಿ ಹಣ ಕೂಡಿಸಿದರು. ನಡೆದವರ ಹಿಂದೆ ಒಂದು ಊರೇ ನಿಂತಿತ್ತು. ಗೆದ್ದದ್ದು ಹಾಗೆ.

ಈಗ ನಮ್ಮೂರಿಗೆ ಬನ್ನಿ. ಒಬ್ಬ ಕೊರಗ ಯುವಕ "ಈ ಸಲ ಡೋಲು ಹಿಡಿದು ಬರುವುದಿಲ್ಲ ಧಣಿ" ಎಂದ ಅಂತ ಇಟ್ಟುಕೊಳ್ಳಿ. 2000ದ ಕಾನೂನು ಅವನ ಪರವಾಗಿದೆ, ಕಾಗದದಲ್ಲಿ. ಮರುದಿನ ಅವನಿಗೆ ಕೂಲಿಗೆ ಕರೆ ಇಲ್ಲ. ಗದ್ದೆಯ ಹುಣಿಯ ದಾರಿಗೆ ಬೇಲಿ. ಬಾವಿಯ ಹಗ್ಗ ಕಾಣೆ. ಆ ರಾತ್ರಿ ಅವನ ಒಲೆ ಹೊತ್ತಿಸುವವರು ಯಾರು? ಕೇರಿಯ ಹತ್ತು ಮನೆ ಒಂದೊಂದು ಸೇರು ಕುಚ್ಚಲಕ್ಕಿ ತಂದರೆ, ಶಾಲೆಯ ಮೇಷ್ಟ್ರು ದೂರು ಬರೆದುಕೊಟ್ಟರೆ, ಕಾಲೇಜಿನ ನಾಲ್ಕು ಹುಡುಗರು ಠಾಣೆಯವರೆಗೆ ಜೊತೆಗೆ ನಡೆದರೆ, ಕಚೇರಿಯ ಗುಮಾಸ್ತ ಡಿ.ಸಿ. ಮನ್ನಾದ ಸರ್ವೆ ನಂಬ್ರ ಹುಡುಕಿಕೊಟ್ಟರೆ ಅವನು ನಿಲ್ಲುತ್ತಾನೆ. ಇಲ್ಲದಿದ್ದರೆ ಮುಂದಿನ ಕೋಲಕ್ಕೆ ಡೋಲು ಹೆಗಲಿಗೇರುತ್ತದೆ. ಆಗ ಅವನಿಗೆ ಸ್ವಾಭಿಮಾನ ಇಲ್ಲ ಎಂದು ನಾವೂ ಹೇಳುತ್ತೇವೆ. ಒಂಟಿ ಮನುಷ್ಯನ ತಲೆಯ ಮೇಲೆ ಹೊರಿಸಿದ ಜವಾಬ್ದಾರಿ ಇನ್ನೊಂದು ಬಿಟ್ಟಿ ಚಾಕರಿ. ಕೂಡಿ ಹೊತ್ತರೆ ಅದೇ ಸಂಘಟನೆ.

ಆದುದರಿಂದ ಸಂಬಳದವರು ತಿಂಗಳಿಗೆ ಒಂದು ದಿನದ ಸಂಬಳವನ್ನು ಕೇರಿಗೆ ಕೊಡಲಿ. ಕೇರಿ ಆ ಹಣದ ಲೆಕ್ಕವನ್ನು ಹೆಂಗಸರ ಕೈಗೆ ಕೊಡಲಿ. ಮೇಷ್ಟ್ರುಗಳೇ, ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದ ಹುಡುಗನ ಮನೆಗೆ ನೀವು ಒಮ್ಮೆ ಹೋಗಿ ಬನ್ನಿ. ಹೆಂಡತಿಗೆ ಹೊಡೆದವನು ಸಂಘದ ಸಭೆಯಲ್ಲಿ ಉತ್ತರ ಹೇಳಲಿ, ಅವನು ಎಷ್ಟೇ ಚೆನ್ನಾಗಿ ಕ್ರಾಂತಿಗೀತೆ ಹಾಡುವವನಾಗಿದ್ದರೂ. ಯಾವ ಸಂಘದ ಸಭೆಯಲ್ಲಿ ಕೊರಗರಿಗೆ ಜಮಖಾನೆಯ ಅಂಚು ಮಾತ್ರ ಸಿಗುತ್ತದೋ ಆ ಸಂಘ ಅಂಬೇಡ್ಕರರ ಫೋಟೋ ಕೆಳಗಿಳಿಸಲಿ.

ಉಪದೇಶಕರೇ, ನಮ್ಮ ಜವಾಬ್ದಾರಿಯ ಲೆಕ್ಕ ನಾವು ನಮ್ಮ ಜನಕ್ಕೆ ಕೊಡುತ್ತೇವೆ, ನಿಮಗಲ್ಲ. ನಿಮ್ಮ ಲೆಕ್ಕ ಬೇರೆ ಉಂಟು. ಕೊಡದೆ ಇಟ್ಟ ಕೂಲಿ, ಒತ್ತಿಟ್ಟ ಭೂಮಿ, ತಿನ್ನಿಸಿದ ಎಂಜಲು. ಅದನ್ನು ತೆಗೆದುಕೊಂಡು ಬನ್ನಿ, ಕೂತು ಮಾತಾಡುವ.