ಹಿಮಕ್ಕೆ ಹೊರಟವರ ಒಳ ಅಂಗಿ

ಲಿಂಗಸುಗೂರಿನಲ್ಲಿ ಚಳಿ ಎಂದರೆ ಬೆಳಗಿನ ಜಾವದ ಎರಡು ತಾಸು. ಹೊತ್ತೇರುತ್ತಿದ್ದಂತೆ ಮಫ್ಲರ್ ಕೊರಳಿನಿಂದ ಹೆಗಲಿಗೆ, ಹೆಗಲಿನಿಂದ ಗೂಟಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಇಂಥ ಊರಿನಿಂದ ಹುಡುಗನೊಬ್ಬ ಗುಲ್ಮಾರ್ಗಕ್ಕೆ, ಸ್ನೋಬೋರ್ಡ್ ಕಲಿಯಲಿಕ್ಕೆಂದು ಹೊರಟನೆನ್ನಿ. ಮನೆಯಲ್ಲಿ ಮೊದಲ ಚರ್ಚೆ ಬಟ್ಟೆಯದ್ದೇ.

‘ಹತ್ತಿ ಬನಿಯನ್ ಆರು ಇಟ್ಟೀನಿ, ಸ್ವೆಟರ್ ಎರಡು. ಒಂದರ ಮ್ಯಾಲ ಒಂದು ಹಾಕ್ಕೋ ಯಪ್ಪಾ.’

‘ಅಷ್ಟ್ ಸಾಕ್ ಬಿಡಬೇ.’

ತಾಯಿಯ ಅಕ್ಕರೆಯಲ್ಲಿ ಕೊರತೆಯಿಲ್ಲ. ತಪ್ಪಿರುವುದು ಹತ್ತಿಯಲ್ಲಿ.

ಸ್ನೋಬೋರ್ಡಿನಲ್ಲಿ ಎರಡೂ ಕಾಲುಗಳನ್ನು ಒಂದೇ ಹಲಗೆಗೆ ಬಿಗಿದು, ಅಡ್ಡಡ್ಡ ನಿಂತು, ಇಳಿಜಾರಿನಲ್ಲಿ ಜಾರಬೇಕು. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾದ ಆಟವಿದು. ನಮ್ಮಲ್ಲಿ 2020ರಲ್ಲಿ ಆರಂಭವಾದ ಖೇಲೊ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲೂ ಇದಕ್ಕೆ ಜಾಗವಿದೆ. ಹಿಮ ಬೀಳದ ಕರ್ನಾಟಕದವರಿಗೇಕೆ ಈ ಉಸಾಬರಿ ಎನ್ನುವವರಿಗೆ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಉತ್ತರವಾಗಿದ್ದಾರೆ. ಅವರು ಹಿಮದ ಮೇಲಿನ ಸ್ಕೀಯಿಂಗ್‌ನಲ್ಲಿ ರಾಜ್ಯಕ್ಕೆ ಪದಕ ತಂದವರು.

ಹೊಸಬರು ಮೊದಲ ಎರಡು ಮೂರು ದಿನ ಜಾರುವುದಕ್ಕಿಂತ ಬೀಳುವುದೇ ಹೆಚ್ಚು. ಬಿದ್ದು ಏಳುವುದು, ಹಲಗೆ ಹೊತ್ತು ದಿಬ್ಬ ಹತ್ತುವುದು ಕೂಲಿ ಕೆಲಸದಷ್ಟೇ ದಣಿವಿನ ಕೆಲಸ. ಸುಮಾರು 2,650 ಮೀಟರ್ ಎತ್ತರದ ಗುಲ್ಮಾರ್ಗದಲ್ಲೂ ಬೆನ್ನು ಬೆವರುತ್ತದೆ. ಆಮೇಲೆ ಸರದಿಗಾಗಿ ಹಿಮದ ಮೇಲೆ ಕುಳಿತಾಗ ಆ ಬೆವರೇ ಶತ್ರು. ಹತ್ತಿ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ ಒದ್ದೆ ಬನಿಯನ್ ಮೈಯ ಕಾವನ್ನು ಹೀರಿ ಹೊರಹಾಕುತ್ತದೆ. ರಾಯಚೂರು ಸೀಮೆಯ ಬಿಸಿಲಿನಲ್ಲಿ ತಂಪು ಕೊಡುವ ಗುಣವೇ ಅಲ್ಲಿ ಮುಳುವಾಗುತ್ತದೆ.

ಈ ಮಾತು ನಮ್ಮ ಕುರಿಗಾಹಿಗಳಿಗೆ ಹೊಸದಲ್ಲ. ಜಡಿಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿ ಹಟ್ಟಿ ಕಾಯುವವರಿಗೆ ಉಣ್ಣೆ ನೆನೆದರೂ ಬೆಚ್ಚಗಿರುತ್ತದೆಂದು ಗೊತ್ತು. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವವನ್ನು ಒಳಗೆಳೆದುಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ನಮ್ಮ ದಖನಿ ಕುರಿಯ ಉಣ್ಣೆ ಒರಟು, ಮೈಗೆ ತಾಗಿದರೆ ತುರಿಕೆ. ನಯವಾದ ಮೆರಿನೊ ಕುರಿಯ ಉಣ್ಣೆಯಿಂದ ಮಾಡಿದ ಒಳ ಅಂಗಿಗೆ ಆ ತೊಂದರೆಯಿಲ್ಲ, ಆದರೆ ಬೆಲೆ ಜಾಸ್ತಿ. ಕೈ ಬಿಗಿಯಿದ್ದವರಿಗೆ ಪಾಲಿಯೆಸ್ಟರ್ ಥರ್ಮಲ್ ಸಾಕು. ಅದು ಬೇಗ ಒಣಗುತ್ತದೆ.

ಕೊಳ್ಳುವ ಮುನ್ನ ಚೀಟಿ ಓದಿ. ಥರ್ಮಲ್ ಹೆಸರಿನಲ್ಲಿ ಹತ್ತಿ ಬೆರೆತವೂ ಬರುತ್ತವೆ. ಅನುಮಾನವಿದ್ದರೆ ಮನೆಯಲ್ಲಿ ಅದನ್ನೂ ಒಂದು ಬನಿಯನ್ನನ್ನೂ ನೆನೆಸಿ ಹಿಂಡಿ ನೆರಳಲ್ಲಿ ಹರವಿ, ಯಾವುದು ಮೊದಲು ಒಣಗುತ್ತದೆ ನೋಡಿ. ಅಂಗಿ ಮೈಗೆ ಅಂಟಿಕೊಂಡಿರಬೇಕು, ಬಿಗಿಯಬಾರದು. ಎರಡು ಜೊತೆಯಿದ್ದರೆ ಒಂದು ಒಣಗುವಾಗ ಇನ್ನೊಂದು ಮೈಮೇಲಿರುತ್ತದೆ. ಥರ್ಮಲ್ಲಿನ ಒಳಗೆ ಮತ್ತೆ ಹತ್ತಿ ಬನಿಯನ್, ಹತ್ತಿ ಚಡ್ಡಿ ಹಾಕಿದರೆ ಕೊಟ್ಟ ದುಡ್ಡು ದಂಡ. ಕಾಲುಚೀಲ ಒಂದೇ ಜೊತೆ, ಉದ್ದನೆಯದು. ಎರಡು ಹಾಕಿದರೆ ಬೂಟು ಒತ್ತಿ, ರಕ್ತ ಓಡಾಡದೆ ಬೆರಳು ಇನ್ನಷ್ಟು ತಣ್ಣಗಾಗುತ್ತವೆ. ಇದರ ಮೇಲೊಂದು ಸ್ವೆಟರ್, ಅದರ ಮೇಲೆ ಗಾಳಿ-ನೀರು ತಡೆಯುವ ಜಾಕೆಟ್. ತಾಯಿ ಇಟ್ಟ ಎರಡು ಸ್ವೆಟರಿನಲ್ಲಿ ಒಂದಕ್ಕೆ ಹೀಗೆ ಕೆಲಸ ಸಿಕ್ಕಿತು.

ಇನ್ನು ಬೀಳುವ ಮಾತು. ಹೊಸಬರಿಗೆ ಹೆಚ್ಚು ಪೆಟ್ಟಾಗುವುದು ಮಣಿಕಟ್ಟಿಗೆ. ಬೀಳುವಾಗ ಅಂಗೈ ಊರುವುದು ಹುಟ್ಟುಗುಣ, ಮೈಭಾರವೆಲ್ಲ ಅಲ್ಲಿ ಬಂದು ಎಲುಬು ಮುರಿಯುತ್ತದೆ. ಮಣಿಕಟ್ಟಿನ ಗಟ್ಟಿ ಪಟ್ಟಿ ಮೊದಲು ಕೊಳ್ಳಬೇಕಾದದ್ದು. ಹೆಲ್ಮೆಟ್ಟೂ ಬೇಕೇ ಬೇಕು, ಆದರೆ ಬೈಕಿನದ್ದು ಇಲ್ಲಿಗೆ ಸಲ್ಲದು. ಹಿಂದಕ್ಕೆ ಬಿದ್ದರೆ ನೋಯುವುದು ಬೆನ್ನುಮೂಳೆಯ ತುದಿ. ಅದಕ್ಕೆಂದೇ ಫೋಮಿನ ಮೆತ್ತೆಯಿರುವ ಚಡ್ಡಿಗಳಿವೆ. ಮೊಣಕಾಲಿಗೆ ವಾಲಿಬಾಲ್ ಆಟಗಾರರ ಮೆತ್ತೆ ಸಾಕಾಗುತ್ತದೆ. ಮೆತ್ತೆ ಥರ್ಮಲ್ಲಿನ ಮೇಲೆ, ಪ್ಯಾಂಟಿನ ಒಳಗೆ ಇರಬೇಕು. ಹೀಗಾಗಿ ಮೆತ್ತೆ ಹಾಕಿಕೊಂಡೇ ಪ್ಯಾಂಟಿನ ಅಳತೆ ನೋಡಬೇಕು. ನಾಲ್ಕು ಸಲ ಕುಕ್ಕರಗಾಲಲ್ಲಿ ಕೂತು ಎದ್ದಾಗ ಮೆತ್ತೆ ಸರಿದರೆ ಬೇರೆ ಹುಡುಕಿ.

ಇಷ್ಟಾದರೂ ಮೆತ್ತೆ ಪೆಟ್ಟನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸದು. ಬೀಳುವಾಗ ಮುಷ್ಟಿ ಕಟ್ಟಿ, ಮೊಣಕಾಲು ಮಡಿಸಿ, ಮೈಯನ್ನು ತಗ್ಗಿಸುವುದನ್ನು ಮೊದಲ ದಿನವೇ ಕಲಿಯಬೇಕು. ನಡುಕ ನಿಲ್ಲದಿದ್ದರೆ, ಮಾತು ತೊದಲಿದರೆ ಆಟ ಬಿಟ್ಟು ಒಳಗೆ ಹೋಗಿ ಒದ್ದೆ ಬಟ್ಟೆ ಕಳಚಬೇಕು. ಹಲಗೆ, ಬೂಟು, ಜಾಕೆಟ್ ಗುಲ್ಮಾರ್ಗದಲ್ಲಿ ಬಾಡಿಗೆಗೆ ಸಿಗುತ್ತವೆ. ಮೈಗಂಟುವ ಅಂಗಿ ಮತ್ತು ಮೆತ್ತೆಗಳನ್ನು ಸ್ವಂತಕ್ಕೆ ಕೊಳ್ಳುವುದೇ ಲೇಸು. ದುಡಿಯುವ ಕೈ ಮುರಿದುಕೊಂಡು ಬಂದರೆ ತಿಂಗಳೊಪ್ಪತ್ತು ಮನೆಯ ಒಲೆಗೂ ಅದರ ಬಿಸಿ ತಟ್ಟುತ್ತದೆ. ಅದರ ಮುಂದೆ ಮಣಿಕಟ್ಟಿನ ಪಟ್ಟಿಯ ಬೆಲೆ ದೊಡ್ಡದಲ್ಲ.

ಆರು ಬನಿಯನ್ನುಗಳು ಟ್ರಂಕಿಗೆ ಮರಳಿದವು. ಖಾಲಿಯಾದ ಜಾಗಕ್ಕೆ ತಾಯಿ ಅಜ್ಜನ ಕರಿ ಕಂಬಳಿ ತುರುಕಿದಳು.

‘ಇದನ್ನ ಬ್ಯಾಡ ಅನಬ್ಯಾಡ. ರಾತ್ರಿ ಹೊಚ್ಚಿಕೊಳ್ಳಾಕ ಇರಲಿ.’

ಹುಡುಗ ಬೇಡ ಎನ್ನಲಿಲ್ಲ.