ಅಳೋದಕ್ಕೂ ಸರ್ಟಿಫಿಕೇಟ್ ಬೇಕಾ?

"ಕೊರೊನಾ ಹೋಯ್ತಲ್ಲ, ಇನ್ಯಾಕೆ ಅದರ ಮಾತು?" ಅಂತಾರೆ. ನನಗೆ ಸಿಟ್ಟು ಬರೋದು ಇಲ್ಲೇ. ಹೋಗಿದ್ದು ರೋಗ ಸ್ವಾಮಿ, ಸತ್ತವರ ಮನೆಯ ದುಃಖ ಅಲ್ಲ.

ಸರ್ಕಾರಿ ಲೆಕ್ಕದಲ್ಲೇ ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಸತ್ತರು. ಎಷ್ಟೋ ಮನೆಯವರಿಗೆ ಕೊನೇ ಸಲ ಮುಖ ನೋಡೋಕೂ ಆಗಲಿಲ್ಲ. 2021ರ ಜೂನ್‌ನಲ್ಲಿ, ಯಾರೂ ಒಯ್ಯದೇ ಉಳಿದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಆಗಿನ ಕಂದಾಯ ಸಚಿವ ಆರ್. ಅಶೋಕ ಅವರು ಮಳವಳ್ಳಿ ತಾಲೂಕಿನ ಬೆಳಕವಾಡಿ ಹತ್ತಿರ ಕಾವೇರಿಗೆ ಬಿಟ್ಟರು. ಒಳ್ಳೆಯ ಕೆಲಸ. ಆದರೆ ಊರೂರಲ್ಲಿ ಉಳಿದವರು ಎಲ್ಲಿ ಕೂತು ಅಳಬೇಕು?

ಲಂಡನ್ನಿನಲ್ಲಿ 2021ರ ಮಾರ್ಚ್‌ನಲ್ಲಿ ಪಾರ್ಲಿಮೆಂಟ್ ಎದುರಿನ ಗೋಡೆ ಮೇಲೆ ಸತ್ತ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಹೃದಯ ಬರೆಯೋಕೆ ಶುರು ಮಾಡಿದರು. ವಾಷಿಂಗ್ಟನ್ನಿನಲ್ಲಿ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 6 ಲಕ್ಷಕ್ಕೂ ಹೆಚ್ಚು ಬಿಳಿ ಬಾವುಟ ನೆಟ್ಟರು. ಇಂಗ್ಲೆಂಡಿನ ಬೆಡ್‌ವರ್ತ್ ಊರಲ್ಲಿ 2022ರ ಮೇನಲ್ಲಿ ದೊಡ್ಡದೊಂದು ಮರದ ಗುಡಿ ಕಟ್ಟಿ, ಜನ ಅದರೊಳಗೆ ತಮ್ಮವರ ಹೆಸರು, ನೆನಪು ಬರೆದಿಟ್ಟ ಮೇಲೆ ಎಲ್ಲರೂ ಸೇರಿ ಸುಟ್ಟರು. ಇದಕ್ಕೆ ಅವರು ಇನ್‌ಸ್ಟಲೇಷನ್ ಆರ್ಟ್ ಅಂತಾರೆ.

"ಅದೆಲ್ಲ ಫಾರಿನ್ ಶೋಕಿ" ಅನ್ನಬೇಡಿ! ಹೋಳಿಯಲ್ಲಿ ಕಾಮಣ್ಣನನ್ನು ಸುಟ್ಟು ಬಾಯಿ ಬಡಕೊಳ್ಳೋದು ಏನ್ರೀ ಮತ್ತೆ? ನಮ್ಮ ಕಡೆ ಮೊಹರಂನಲ್ಲಿ ಹಿಂದೂಗಳೂ ಸೇರಿ ರಿವಾಯತ್ ಹಾಡೋದು? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಕಾಲದಲ್ಲಿ ಜನ ಪ್ಲೇಗ್ ಮಾರಮ್ಮನಿಗೆ ಗುಡಿ ಕಟ್ಟಿದರು. ಒಟ್ಟಿಗೆ ಅಳೋದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಮರೆತಿದ್ದೇವೆ, ಅಷ್ಟೇ.

ಅದಕ್ಕೇ ನಾನು ಹೇಳೋದು, ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಇದಾಗಲಿ ಅಂತ. ಮಾಘದ ಮಾಯಕ್ಕನ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಲಕ್ಷಾಂತರ ಜನ ಬರ್ತಾರೆ. 2021ರಲ್ಲಿ ಕಾಗವಾಡ, ಕೊಗನೊಳ್ಳಿ ಚೆಕ್‌ಪೋಸ್ಟ್‌ಗಳಲ್ಲಿ ನೆಗೆಟಿವ್ ರಿಪೋರ್ಟ್ ತೋರಿಸಿ ಅಂತ ತಡೆದದ್ದು ಈ ಜನರನ್ನೇ. ಬಂದವರ ಮೇಲೆಲ್ಲ ಭಂಡಾರ ಬೀಳುತ್ತೆ, ಡೊಳ್ಳು ಬಡಿಯುತ್ತೆ, ಸರಿ. ಆದರೆ ಸತ್ತವರ ಹೆಸರು ಯಾರೂ ಹೇಳಲ್ಲ! ಜಾತ್ರೆ ಬಯಲಲ್ಲಿ ಉದ್ದಕ್ಕೊಂದು ಬಿಳಿ ಗೋಡೆ ನಿಲ್ಲಿಸಿ. ಭಂಡಾರ ಕಲಸಿಡಿ. ಕನ್ನಡದಲ್ಲೋ ಮರಾಠಿಯಲ್ಲೋ ಉರ್ದುವಿನಲ್ಲೋ ತಮ್ಮವರ ಹೆಸರು ಬರೆಯಲಿ. ಅಕ್ಷರ ಬಾರದವರು ಅಂಗೈ ಒತ್ತಲಿ. ಮಳೆಗಾಲದಲ್ಲಿ ತೊಳೆದು ಹೋಗಲಿ, ಮುಂದಿನ ಮಾಘಕ್ಕೆ ಮತ್ತೆ ಬರೆಯಲಿ.

ಉರ್ದು ಅಂದದ್ದು ಬೇಕಂತಲೇ. 2020ರ ಏಪ್ರಿಲ್‌ನಲ್ಲಿ ಇದೇ ತಾಲೂಕಿನ ಕುಡಚಿ ಸೀಲ್‌ಡೌನ್ ಆದಾಗ ರೋಗಕ್ಕೂ ಧರ್ಮ ಹಚ್ಚಿದವರು ಕಡಿಮೆ ಇರಲಿಲ್ಲ. ಒಂದೇ ಗೋಡೆಯ ಮೇಲೆ ಕುಡಚಿಯವರ ಹೆಸರೂ ಚಿಂಚಲಿಯವರ ಹೆಸರೂ ಬಂದರೆ ಆ ಮಾತುಗಳಿಗೆ ಅಷ್ಟಾದರೂ ನಾಚಿಕೆಯಾದೀತು.

ಇನ್ನೊಂದು ಮಾತು. ಕೇಂದ್ರದ ನಿಯಮದಂತೆ 50 ಸಾವಿರ, ಬಿಪಿಎಲ್ ಮನೆಗೆ ರಾಜ್ಯದ 1 ಲಕ್ಷ ಪರಿಹಾರ ಅಂದರು. ಸಿಗಬೇಕಾದರೆ ಕೊರೊನಾದಿಂದಲೇ ಸತ್ತರು ಅನ್ನೋ ಕಾಗದ ಬೇಕಿತ್ತು. ಟೆಸ್ಟೇ ಆಗದೆ ಮನೆಯಲ್ಲಿ ಉಸಿರು ಬಿಟ್ಟವರಿಗೆ ಆ ಕಾಗದ ಎಲ್ಲಿಂದ ಬರಬೇಕು? ಆಫೀಸು ಕಾಗದ ಕೇಳುತ್ತೆ. ಗೋಡೆ ಕೇಳೋದಿಲ್ಲ.

ದಯವಿಟ್ಟು ಕಲ್ಲಿನ ಸ್ಮಾರಕ, ಟೇಪು, ಮಂತ್ರಿಗಳ ಹೆಸರಿನ ಫಲಕ ಬೇಡ. ಗೋಡೆ, ಭಂಡಾರ, ಜನ ಸಾಕು.

ನೀವಾದರೆ ಯಾರ ಹೆಸರು ಬರೀತೀರಿ?